ಸೂಲಗಿತ್ತಿ ಬೆನಿಟಾಳ ನಕ್ಷತ್ರ

ಫಿಲಿಪೀನ್ಸಿನ ಇಲೊಯಿಲೊ ಕಡಲತೀರದ ಆ ಬೀದಿಯಲ್ಲಿ ಸೆಪ್ಟೆಂಬರಿಗೇ ಮನೆಮನೆಗೂ ಕ್ರಿಸ್‌ಮಸ್ ನಕ್ಷತ್ರ ತೂಗಿದರೂ ಸೂಲಗಿತ್ತಿ ಬೆನಿಟಾಳ ಕಿಟಕಿ ಮಾತ್ರ ಡಿಸೆಂಬರ್ ಇಪ್ಪತ್ತನಾಲ್ಕರ ಮಧ್ಯಾಹ್ನದವರೆಗೂ ಬೋಳು. ಆಮೇಲೆ ನೋಡಬೇಕು ಅವಳ ಆರ್ಭಟ: ಕ್ರಿಸ್‌ಮಸ್ ಮರವೆಂದು ಸೀಬೆ ಕೊಂಬೆಯೊಂದನ್ನು ಹಾಲಿನ ಡಬ್ಬಿಯಲ್ಲಿ ನೆಟ್ಟು, ಸೋಡಾ ಬಿರಡೆಗಳ ಸರ ಸುತ್ತಿ, ಬಿದಿರ ಸೀಳುಗಳಿಗೆ ಗಂಜಿಯಿಂದ ಕೆಂಪು ಕಾಗದ ಅಂಟಿಸಿ ಗಂಟೆಯೊಳಗೆ ನಕ್ಷತ್ರ ಕಟ್ಟಿಬಿಡುತ್ತಾಳೆ. "ಏನಕ್ಕಾ, ಹಬ್ಬ ಅಂತ ಈಗ ಗೊತ್ತಾಯ್ತಾ?" ಎಂದು ಎದುರುಮನೆಯ ಲುಮೆನ್ ಕೆಣಕಿದರೆ, "ಹೋಗೇ, ಮರಿಯಮ್ಮ ಏನು ಮೂರು ತಿಂಗಳಿಂದ ಕೊಟ್ಟಿಗೆಗೆ ತೋರಣ ಕಟ್ಕೊಂಡು ಕೂತಿದ್ಲಾ? ನೋವು ಬಂತು, ಹೆತ್ತಳು!" ಎನ್ನುತ್ತಾಳೆ. ಅಷ್ಟರಲ್ಲಿ ಯಾರ ಗಂಡನೋ ಏದುಸಿರು ಬಿಡುತ್ತಾ ಬಾಗಿಲಿಗೆ ಬರುತ್ತಾನೆ. ವರ್ಷವರ್ಷವೂ ಹೀಗೇ, ಈ ಬೀದಿಯ ಕೂಸುಗಳಿಗೆ ಹುಟ್ಟಲು ಆ ಸಂಜೆಯೇ ಬೇಕು. ಬೆನಿಟಾ ತನ್ನ ಚೀಲದ ಜೊತೆಗೆ ಇನ್ನೂ ಹಸಿಯಾರದ ನಕ್ಷತ್ರವನ್ನೂ ಎತ್ತಿಕೊಂಡು ಓಡುತ್ತಾಳೆ, ಅದನ್ನು ಬಸುರಿಯ ಕಣ್ಣೆದುರು ತೂಗುಹಾಕಿ, "ನೋವು ಬಂದಾಗ ಅದನ್ನೇ ನೋಡು ಮಗಳೇ, ನನ್ನ ಮುಖ ನೋಡಿದ್ರೆ ಇನ್ನೂ ಹೆದರ್ತೀಯ" ಎಂದು ನಗಿಸುತ್ತಾಳೆ. ಹಾಗೆ ಹೋದ ನಕ್ಷತ್ರ ಅವಳ ಮನೆಗೆ ಮರಳುವುದಿಲ್ಲ. ಹೆತ್ತವಳು ಅದನ್ನು ಜೋಪಾನವಾಗಿಟ್ಟು, ಮುಂದಿನ ಕ್ರಿಸ್‌ಮಸ್‌ಗೆ ಎಲ್ಲಕ್ಕಿಂತ ಮೊದಲು ಅದನ್ನೇ ಕಟ್ಟುತ್ತಾಳೆ. ಲುಮೆನ್‌ಳ ಕಿಟಕಿಯಲ್ಲೂ ಅಂಥದ್ದೊಂದಿದೆ. ಅವಳ ಒಂಬತ್ತು ವರ್ಷದ ಮಗಳು, "ಯಾರೂ ಮುಟ್ಬೇಡಿ, ಇದು ನಂದು" ಎಂದು ಹರಿದಲ್ಲೆಲ್ಲ ತಾನೇ ತೇಪೆ ಹಚ್ಚುತ್ತಾಳೆ.