ಅಮ್ಮನ ಮೂರನೆಯ ಮೈಕು

ಅಮ್ಮನೂ ಅವಳ ವಾರಗಿತ್ತಿಯಾದ ನನ್ನ ಚಿಕ್ಕಮ್ಮನೂ ಒಂದೇ ಮನೆಯಲ್ಲಿ ಕೆಳಗೊಬ್ಬಳು, ಮೇಲೊಬ್ಬಳು ಬಟ್ಟೆ ಹೊಲಿಯುತ್ತಾರೆ. ಹೊಲಿಗೆ ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಗಿರಾಕಿಗಳಿಗೆ ಕಳಿಸುವುದನ್ನು ಮೊದಲು ಶುರು ಮಾಡಿದ್ದು ಅಮ್ಮ. ಹೆಸರು ಬಂದದ್ದು ಮಾತ್ರ ಚಿಕ್ಕಮ್ಮನಿಗೆ. "ಮೇಲಿನ ಮನೆಯವರ ಮಾತು ಗಂಟೆ ಹೊಡೆದ ಹಾಗೆ ಕೇಳುತ್ತೆ" ಎಂದು ಗಿರಾಕಿಯೊಬ್ಬಳು ಅಂದ ದಿನ ಅಮ್ಮನಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಮರುದಿನವೇ ಕಾಲರಿಗೆ ಸಿಕ್ಕಿಸುವ ಅಗ್ಗದ ಮೈಕ್ ತಂದಳು. ಪಾಠದ ತುಂಬಾ ಪರಪರ ಸದ್ದು. ಅಂಗಡಿಯವನನ್ನು ಬೈದು ಇನ್ನೊಂದು ತಂದಳು. ಅದರಲ್ಲೂ ಪರಪರ.

"ಮೇಲಿನವಳ ಮೈಕು ದುಬಾರಿದೇ ಇರ್ಬೇಕು. ಮುಚ್ಚಿಟ್ಕೊಂಡಿದಾಳೆ, ಕಳ್ಳಿ" ಎಂದು ಗೊಣಗಿದಳು.

ಪಾಠ ಕೇಳಿದ ಚಿಕ್ಕಮ್ಮ ತಾನೇ ಕೆಳಗಿಳಿದು ಬಂದಳು. "ಅಕ್ಕಾ, ನಂದೂ ಇದೇ ಮೈಕು. ನಿಮ್ಮ ಕೊರಳಲ್ಲಿರೋ ಅಳತೆ ಟೇಪು ಅದಕ್ಕೆ ಉಜ್ತಾ ಇದೆ ನೋಡಿ. ತೆಗೆದಿಟ್ಟು ಮಾತಾಡಿ."

ನಾನು ಹುಟ್ಟುವ ಮೊದಲಿನಿಂದಲೂ ಅಮ್ಮನ ಕೊರಳಲ್ಲೇ ಇರುವ ಟೇಪು ಅದು. ಇದೆಯೆಂಬುದೇ ಅವಳಿಗೆ ಮರೆತುಹೋಗಿತ್ತು.

"ನಂಗೊತ್ತಿತ್ತು" ಎಂದಳು, ಹರಳೆಣ್ಣೆ ಕುಡಿದವಳ ಮುಖ ಮಾಡಿಕೊಂಡು.

ಈಗ ಅಮ್ಮನ ಪಾಠವೂ ಸ್ಪಷ್ಟವಾಗಿ ಕೇಳುತ್ತದೆ. ರೆಕಾರ್ಡ್ ಮಾಡುವಾಗ ಟೇಪು ಗೋಡೆಯ ಮೊಳೆಗೆ ತೂಗುತ್ತದೆ. ಆದರೆ ಅದನ್ನು ಮೊದಲ ಸಲ ಕೊರಳಿಂದ ತೆಗೆಯುವ ಮುಂಚೆ ಅಮ್ಮ ಅಂಗಡಿಗೆ ಹೋಗಿ, ಅದೇ ಜಾತಿಯ ಮೂರನೆಯ ಮೈಕೊಂದನ್ನು ಕೊಂಡು ತಂದಿದ್ದಳು. ಯಾರಾದರೂ ಹೊಗಳಿದರೆ ಅದನ್ನೇ ಎತ್ತಿ ತೋರಿಸುತ್ತಾಳೆ.

"ಮೈಕ್ ಬದಲಾಯಿಸ್ದೆ, ಅಷ್ಟೇ."