ಒನಕೆ ಬೀಳುವ ತನಕ

೨೦೧೯ರ ಡಿಸೆಂಬರಿನಲ್ಲಿ ನಾನು ಬೆಳಗಾವಿಯ ಒಂದು ಕಣ್ಣಿನ ಪ್ರಯೋಗಾಲಯದಲ್ಲಿ ಹಿರಿಯ ವಿಜ್ಞಾನಿಯಾಗಿದ್ದೆ. ರೆಟಿನಾ ಅಂದರೆ ಕಣ್ಣಿನ ಹಿಂಬದಿಯ ತೆಳು ಪರದೆ. ಅದರ ಕೋಶಗಳು ಬೆಳಕಿಗೆ ಹೇಗೆ ಸುಟ್ಟುಹೋಗುತ್ತವೆ ಎಂದು ಹುಡುಕುವುದು ನನ್ನ ಕೆಲಸ. ತವರು ಬೈಲಹೊಂಗಲ. ಹಟಕ್ಕೆ ಬಿದ್ದರೆ ನಮ್ಮ ಮನೆಯವರು ಯಾರ ಮಾತನ್ನೂ ಕೇಳುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆ ತಿಂಗಳ ಕೊನೆಗೆ ಸೂರ್ಯಗ್ರಹಣವಿತ್ತು. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಹಂಚಲು ಪ್ರಯೋಗಾಲಯ ಒಂದು ಕರಪತ್ರ ಮಾಡಿತು. ಬರೆದವಳು ನಾನೇ. ‘ಸೂರ್ಯನನ್ನು ನೇರವಾಗಿ ನೋಡಬೇಡಿ’ ಎಂದು ದಪ್ಪಕ್ಷರದಲ್ಲಿ ಹಾಕಿಸಿ, ಊರಿಗೆಲ್ಲ ಉಪಕಾರ ಮಾಡಿದೆನೆಂದು ಬೀಗಿದೆ.

ಗ್ರಹಣ ಕಳೆದ ಮೂರು ವಾರಕ್ಕೆ ರಾಮದುರ್ಗದಿಂದ ಶಂಕ್ರವ್ವ ಎಂಬ ನೇಕಾರ ಹೆಣ್ಣುಮಗಳು ಬಂದಳು. ಎದುರಿಗೆ ಹಿಡಿದ ಎಳೆಯಲ್ಲಿ ನಡುವಿನ ತುಂಡೇ ಕಾಣುವುದಿಲ್ಲ ಎಂದಳು. ಸೀರೆಯ ಅಂಚಿನಲ್ಲಿ ತಪ್ಪು ಬೀಳತೊಡಗಿದ್ದಕ್ಕೆ ಮಾಲೀಕ ಅವಳನ್ನು ಮಗ್ಗದಿಂದ ಎಬ್ಬಿಸಿದ್ದ. ಎರಡು ಕಡೆ ತೋರಿಸಿದ್ದಳು. ಎರಡೂ ಕಡೆ ಕಣ್ಣು ಚೆನ್ನಾಗಿದೆ ಎಂದೇ ಬರೆದುಕೊಟ್ಟಿದ್ದರು. ಅದನ್ನು ಓದಿದ ಮಾಲೀಕ, ಕಣ್ಣಿನ ನೆವ ಹೇಳುವ ಮೈಗಳ್ಳಿ ಎಂದು ಎಲ್ಲರೆದುರು ಅಂದನಂತೆ. ಇಪ್ಪತ್ತು ವರ್ಷ ಮಗ್ಗದ ಮುಂದೆ ಕೂತವಳಿಗೆ ಆ ಮಾತು! ಕೇಳಿ ನನಗೇ ಮೈ ಉರಿಯಿತು.

ಗೋಡೆಯ ಅಕ್ಷರಗಳನ್ನು ಅವಳು ತಲೆ ತುಸು ಓರೆ ಮಾಡಿ ಬಹುತೇಕ ಓದಿದಳು. ಹಾಗಾಗಿಯೇ ಯಾರೂ ನಂಬಿರಲಿಲ್ಲ. ನಾನು ಚೌಕಳಿ ಹಾಳೆ ಕೊಟ್ಟೆ. ನಡುವಿನ ಚುಕ್ಕೆಯನ್ನೇ ನೋಡುತ್ತ, ಗೆರೆ ಅಳಿಸಿದಂತೆ ಕಂಡ ಕಡೆ ಗುರುತು ಹಾಕಬೇಕು. ಬೇರೆಯವರು ಅಂದಾಜಿಗೊಂದು ಸೊನ್ನೆ ಸುತ್ತುತ್ತಾರೆ. ಶಂಕ್ರವ್ವ ಸೀರೆಯ ನಕ್ಷೆ ಬರೆಯುವ ಕೈ. ಹಾಳೆಯ ಚೌಕದ ಮನೆ ಎಣಿಸಿ ಬಲಗಣ್ಣಿಗೆ ಮೂರು, ಎಡಗಣ್ಣಿಗೆ ಎರಡು ಮನೆ ತುಂಬಿದಳು. ರೆಟಿನಾದ ಪದರಗಳ ಚಿತ್ರ ತೆಗೆಯುವ ಓಸಿಟಿ ಯಂತ್ರದಲ್ಲಿ ನೋಡಿದರೆ, ಬೆಳಕು ಹಿಡಿಯುವ ಕೋಶಗಳ ಸಾಲು ಸರಿಯಾಗಿ ಅಲ್ಲಿಯೇ ಕಡಿದಿತ್ತು. ಸೂರ್ಯನಿಂದಾದ ಸುಟ್ಟಗಾಯ.

ಗ್ರಹಣ ನೋಡಿದಿರಾ ಎಂದು ಗದರಿಯೇ ಕೇಳಿದೆ. ಅವಳು ಚೀಲದಿಂದ ನನ್ನದೇ ಕರಪತ್ರ ತೆಗೆದಳು.

“ನೇರ ನೋಡಬ್ಯಾಡ್ರಿ ಅಂತ ನೀವ ಬರದೀರಿ, ಬಾಯಾರ. ನಾ ತಲಿ ಎತ್ತಿಲ್ಲ. ಪರಾತದಾಗ ನೋಡೇನಿ.”

ಗ್ರಹಣ ಹಿಡಿದಾಗ ಪರಾತದಲ್ಲಿ, ಅಂದರೆ ಅಗಲವಾದ ಹಿತ್ತಾಳೆ ತಾಟಿನಲ್ಲಿ, ನೀರು ಹಾಕಿ ಒನಕೆ ನಿಲ್ಲಿಸುವುದು ನಮ್ಮ ಕಡೆಯ ರೂಢಿ. ಗ್ರಹಣ ಬಿಡುವವರೆಗೆ ಅದು ಬೀಳುವುದಿಲ್ಲ ಎನ್ನುತ್ತಾರೆ. ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗಿದ ಪರಾತದ ಮುಂದೆ ಕೂತು, ಒನಕೆ ಬೀಳುವ ತನಕ ಅವಳು ನೀರೊಳಗಿನ ಸೂರ್ಯನನ್ನೇ ನೋಡಿದ್ದಳು. ಬೆಳಗಿದ ಹಿತ್ತಾಳೆಯಿಂದ ತಿರುಗಿ ಬಂದ ಬಿಸಿಲೂ ಕಣ್ಣು ಸುಡುತ್ತದೆ. ನನ್ನ ತವರಿನಲ್ಲೂ ಒನಕೆ ನಿಲ್ಲಿಸುತ್ತಿದ್ದರು. ಬರೆಯುವಾಗ ನೆನಪೇ ಆಗಲಿಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ಇದ್ದದ್ದನ್ನು ಇದ್ದ ಹಾಗೆ ವರದಿ ಬರೆದೆ. ನಮ್ಮ ಮುಖ್ಯಸ್ಥರು ಕರೆದು, ಕರಪತ್ರದ ಸುದ್ದಿ ಬಿಡಿ, ರೋಗಿ ನೇರವಾಗಿಯೇ ನೋಡಿರಬೇಕು ಎಂದು ತಿದ್ದಿ ಅಂದರು; ಸಂಸ್ಥೆಯ ಹೆಸರು ಕೆಡುತ್ತದಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮಾಲೀಕ ಅವಳನ್ನು ಮೈಗಳ್ಳಿ ಮಾಡಿದ್ದ, ಈಗ ನಾವು ಸುಳ್ಳಿ ಮಾಡಬೇಕಿತ್ತು.

“ಕೆಟ್ರ ಕೆಡಲಿ, ಸರ್. ಆಕಿ ಸುಳ್ಳ ಹೇಳಿಲ್ರಿ. ತಪ್ಪು ನಂದೈತಿ, ನನ್ನ ಹೆಸರಿಲೇ ಬರೀತೇನಿ,” ಎಂದೆ.

ವರದಿ ಹಾಗೆಯೇ ಹೋಯಿತು. ಮುಂದೆ ನನ್ನ ಯೋಜನೆಯನ್ನು ಬೇರೆಯವರಿಗೆ ಕೊಟ್ಟರು. ಕೊಡಲಿ ಬಿಡಿ.

ಹಾಳೆ, ಚಿತ್ರ ಎರಡನ್ನೂ ಹಿಡಿದು ರಾಮದುರ್ಗಕ್ಕೆ ನಾನೇ ಹೋದೆ. ಮಾಲೀಕನೂ ನೇಕಾರರ ಮನೆಯವನೇ. ಹಾಳೆಯ ಮನೆ ಎಣಿಸಿ ಚಿತ್ರಕ್ಕೆ ತಾಳೆ ನೋಡಿದ. ವಾಸಿಯಾದ ಮೇಲೆ ಬಾ, ಮಗ್ಗ ನಿನ್ನದೇ ಎಂದ. ಶಂಕ್ರವ್ವ ಜಗ್ಗಲಿಲ್ಲ. ಮೈಗಳ್ಳಿ ಎಂದ ಮಾತನ್ನು ಎಲ್ಲರೆದುರು ಹಿಂದಕ್ಕೆ ತೆಗೆದುಕೊಂಡರೆ ಮಾತ್ರ ಬರುತ್ತೇನೆ ಎಂದಳು. ತೆಗೆದುಕೊಂಡ. ಕೆಲವು ತಿಂಗಳಲ್ಲಿ ಎಡಗಣ್ಣು ತಿಳಿಯಾಯಿತು, ಬಲಗಣ್ಣಲ್ಲಿ ಒಂದು ಮನೆ ಖಾಲಿಯೇ ಉಳಿಯಿತು. ಅದರೊಂದಿಗೇ ನೇಯುತ್ತಿದ್ದಾಳೆ.

ಜನರಿಗೆ ಒಂದನ್ನು ಬೇಡ ಎನ್ನುವ ಮೊದಲು, ಅದನ್ನು ಬಿಟ್ಟು ಅವರು ಏನು ಮಾಡುತ್ತಾರೆ ಎಂದು ತಿಳಿದಿರಬೇಕು. ಇದನ್ನು ನನಗೆ ಪ್ರಯೋಗಾಲಯ ಕಲಿಸಲಿಲ್ಲ. ಮುಂದಿನ ಗ್ರಹಣದ ಕರಪತ್ರವನ್ನು ಶಂಕ್ರವ್ವನಿಂದಲೇ ಹೇಳಿಸಿ, ಒಂದಕ್ಷರ ತಿದ್ದದೆ ಅಚ್ಚು ಹಾಕಿಸಿದೆ:

“ಮ್ಯಾಲ ನೋಡಬ್ಯಾಡ್ರಿ, ಪರಾತದಾಗೂ ನೋಡಬ್ಯಾಡ್ರಿ. ಒನಕಿ ಬಿದ್ರ ಸಪ್ಪಳ ಕೇಳತೈತಿ.”