ನೋವಾ ಅಂತ ಬರೆದ ಗೋಡೆ

೨೦೧೮, ಬೆಂಗಳೂರಲ್ಲಿ ಫ್ಲೆಕ್ಸ್ ಬೋರ್ಡ್‌ಗಳನ್ನೆಲ್ಲ ಕಿತ್ತು ಹಾಕಿದ ವರ್ಷ. ಗೋಡೆ ಮೇಲೆ ಅಕ್ಷರ ಬರೆಯೋ ನನ್ನಂಥ ಪೇಂಟರ್‌ಗಳಿಗೆ ಮತ್ತೆ ಕೆಲಸ ಬಂತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆದಿದ್ದು ಮಾತ್ರ ಹೆಬ್ಬಾಳದಿಂದ ಯಲಹಂಕದವರೆಗೆ. ಅದೇ ವಾರ ನನ್ನ ಮಗಳಿಗೆ ಹೆಣ್ಣು ಮಗು ಹುಟ್ಟಿತ್ತು. ತಾತ ಆದ ಖುಷಿಗೆ ಕಾಲು ನೆಲದ ಮೇಲೆ ನಿಲ್ತಿರಲಿಲ್ಲ. ಕಂಡ ಕಂಡವರಿಗೆಲ್ಲ ಮೈಸೂರು ಪಾಕ್ ಹಂಚ್ತಿದ್ದೆ.

ಕೆಂಪಾಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ರವಿ ಕರೆಸಿದ. ಒಂದು ಕಂಪನಿ ಹೊಸ ಸೀರೀಸ್, ಅಂದ್ರೆ ಒಂದೇ ಹೆಸರಿನಡಿ ಬರೋ ಫೋನುಗಳ ಸಾಲು, ಬಿಡೋದ್ರಲ್ಲಿತ್ತು. ಹೆಸರು ಇನ್ನೂ ಹೇಳಿರಲಿಲ್ಲ. ಅಂಗಡಿ ಹುಡುಗರಲ್ಲಿ ಅದೇ ಜಗಳ.

"ಬರೀ ನಂಬರ್ ಇರುತ್ತೆ ಮಗಾ."

"ಲೀಕ್ ಆಗಿದೆ ಗುರು, ನೋವಾ!"

ರವಿಗೆ ಎಲ್ಲರಿಗಿಂತ ಮೊದಲು ತನ್ನ ಗೋಡೆ ಮೇಲೆ ಹೆಸರು ಬೀಳ್ಬೇಕು. "ನೋವಾ ಅಂತಾನೇ ಬರೀರಿ ಅಣ್ಣ, ಕನ್ನಡದಲ್ಲಿ, ಬಸ್ಸಿಂದ ಕಾಣೋ ಹಂಗೆ" ಅಂದ.

ಮುನಿರಾಜುನ ಕರ್ಕೊಂಡು ಹೋದೆ. ನನ್ನ ತಂಗಿ ಜಯಳ ಗಂಡ, ಕೆಲಸದಲ್ಲಿ ನನ್ನ ಜೊತೆಗಾರ. ಅಕ್ಷರಕ್ಕೆ ನೆರಳು ಕೊಡೋದ್ರಲ್ಲಿ ಅವನನ್ನ ಬಿಟ್ಟರಿಲ್ಲ. ಜಯ ತೀರ್ಕೊಂಡ ಮೇಲೆ ಬ್ರಷ್ ಮುಟ್ಟಿರಲಿಲ್ಲ. ಹೆಂಗಾದ್ರೂ ಅವನನ್ನ ಮತ್ತೆ ಕೆಲಸಕ್ಕೆ ಎಳೀಬೇಕು ಅಂತ ನನ್ನ ಆಸೆ. ಇನ್ನೊಂದು ಆಸೆನೂ ಇತ್ತು, ಮಗೂಗೆ ಜಯ ಅಂತಾನೇ ಹೆಸರಿಡೋದು. ಏಣಿ ಇಡುವಾಗ ತಡೀಲಾರದೆ ಹೇಳೇ ಬಿಟ್ಟೆ. ಅವನು ಬ್ರಷ್ ತಗೊಂಡು ಸರಸರ ಏಣಿ ಹತ್ತಿದ. ಖುಷಿಗೆ ಹುರುಪು ಬಂದಿದೆ ಅಂದ್ಕೊಂಡೆ.

ಸಂಜೆ ಹೊತ್ತಿಗೆ ಆಳುದ್ದ ಕೆಂಪು ಅಕ್ಷರ ಎದ್ದು ನಿಂತವು. ಸೊಪ್ಪು ಮಾರೋ ಅಜ್ಜಿಯೊಬ್ಬಳು ಬುಟ್ಟಿ ಇಳಿಸಿ, ಕೂಡಿಸಿ ಕೂಡಿಸಿ ಓದಿದಳು.

"ನೋ... ವಾ. ನೋವಾ? ಯಾರಿಗಪ್ಪಾ ನೋವು? ಮೂಳೆ ಡಾಕ್ಟ್ರು ಬತ್ತವ್ರಾ ಇಲ್ಲಿ?"

ಹುಡುಗರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಏಣಿ ಮೇಲಿದ್ದ ಮುನಿರಾಜು ಮಾತ್ರ, "ನಂಗೆ ಕಣಜ್ಜಿ" ಅಂದ. ಅಂದವನೇ ಗೋಡೆಗೆ ಹಣೆ ಆನಿಸಿ ಅಳೋಕೆ ಶುರು ಮಾಡಿದ. ಹೆಂಡತಿ ಮಣ್ಣಿಗೆ ಹೋದ ದಿನವೂ ಅಳದೆ ಇದ್ದವನು.

ಇಳಿದು ಬಂದಾಗ ಹಣೆ ತುಂಬ ಹಸಿ ಬಣ್ಣ. ನನ್ನ ಕೈ ಹಿಡ್ಕೊಂಡ.

"ಭಾವ, ಮಗೂಗೆ ಅವಳ ಹೆಸರು ಇಡ್ಬೇಡಿ. ಜಯಾ, ಬಾರೆ ಅಂತ ನೀವೆಲ್ಲ ಕೂಗ್ತೀರ. ಪ್ರತಿ ಸಲ ನಾನು ಬಾಗಿಲ ಕಡೆ ನೋಡ್ತೀನಿ."

ಕೊನೆಗೆ ಕಂಪನಿ ಫೋನಿಗೆ ಬರೀ ನಂಬರ್ ಇಟ್ಟಿತು. ರವಿ ಗೋಡೆಗೆ ಸುಣ್ಣ ಬಳಿಸಿದ. ಮುನಿರಾಜು ಮತ್ತೆ ಬ್ರಷ್ ಹಿಡೀಲೇ ಇಲ್ಲ. ನಾಮಕರಣದ ದಿನ ಮೊಮ್ಮಗಳ ಕಿವೀಲಿ ನಾನು ಬೇರೆ ಹೆಸರು ಹೇಳಿದೆ. ಅವಳು ಕಣ್ಣು ಬಿಟ್ಟು ನಕ್ಕಳು, ನನ್ನ ಎದೆ ತುಂಬಿ ಬಂತು, ತಂಗಿ ಹೆಸರು ಮಾತ್ರ ಬಾಯಲ್ಲೇ ಉಳೀತು.

ಆಮೇಲೆ ಯಾರು ಬೋರ್ಡ್ ಬರೆಸೋಕೆ ಬಂದ್ರೂ, ಬಣ್ಣ ಕಲೆಸೋ ಮುಂಚೆ ಒಂದು ಮಾತು ಕೇಳ್ತಿದ್ದೆ: "ಈ ಹೆಸರನ್ನ ದಿನಾ ಕೇಳಿಸ್ಕೊಳ್ಳೋರು ಯಾರು ಸ್ವಾಮಿ? ಅವರನ್ನ ಒಂದ್ಸಲ ವಿಚಾರಿಸಿದ್ರಾ?"